ಪೆಟ್ಟಿಗೆಯೊಳಗಿಂದ

ಇಪ್ಪತ್ತಾರು ವರ್ಷ ನಾನು ಅವನ ಮಾತನ್ನು
ಬರೀ ಉಸಿರಿನಲ್ಲಿ ಆಡಿದವಳು.
ರಂಗದ ಮುಂತುದಿಯಲ್ಲಿ ನೆಲಕ್ಕೆ ಹುಗಿದ ಮರದ ಪೆಟ್ಟಿಗೆ,
ಅದರೊಳಗೆ ನಾನು, ಒಂದು ದೀಪ, ನಶ್ಯದ ಡಬ್ಬಿ, ಹಸ್ತಪ್ರತಿ.
ಮರೆತವರಿಗೆ ಮುಂದಿನ ಸಾಲು ಎತ್ತಿಕೊಡಬೇಕು.
ಚಪ್ಪಾಳೆ ಅವರದು, ಸೂತ್ರ ನನ್ನ ನಾಲಿಗೆಯದು.
ನಟರ ಮೊಣಕಾಲಿನಿಂದ ಮೇಲೆ
ಪ್ಯಾರಿಸ್ ಹೇಗಿತ್ತೋ ನಾ ಕಾಣೆ.

ಅನ್ಸೆಲ್ಮ್ ಕೆರ್ವಾಡೆಕ್ ಅಂದರೆ ಇವತ್ತು ಯಾರಿಗೆ ಗೊತ್ತು?
ಬ್ರಿಟನಿಯ ಕಡಲ ದಂಡೆಯಲ್ಲಿ
ಸೆಣಬು ಹೊಸೆಯುವವರ ಕೇರಿಯ ಹುಡುಗ.
ಕುಷ್ಠ ಹತ್ತಿದವರ ಕುಲವೆಂದು ಊರು ಅವರನ್ನು
ಇಗರ್ಜಿಯ ಬಡಗಣ ಗೋಡೆಗೆ ಸರಿಸಿತ್ತು ಹಿಂದೆ.
ಇವನ ಕಾಲಕ್ಕೆ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ;
ಆದರೂ ಇವನ ತಾಯಿ ರೊಟ್ಟಿ ಕೊಳ್ಳಲು ಹೋದರೆ
ನಾಣ್ಯ ಮೇಜಿನ ಮೇಲಿಡು ಅನ್ನುತ್ತಿದ್ದಳು ಅಂಗಡಿಯವಳು,
ಕೈ ಚಾಚುತ್ತಿರಲಿಲ್ಲ.

ಅಪ್ಪ ಸೊಂಟಕ್ಕೆ ನಾರು ಸುತ್ತಿಕೊಂಡು
ಹಿಂದಕ್ಕೆ ನಡೆಯುತ್ತಿದ್ದ, ಇನ್ನೂರು ಹೆಜ್ಜೆ.
ಬೆರಳ ಸಂದಿಯಿಂದ ಹುರಿ ಹೊರಡುತ್ತಿತ್ತು,
ಚಕ್ರ ತಿರುಗಿಸುವವನು ಮಗ.
‘ದೂರವಾಗುತ್ತಾ ಆಗುತ್ತಾ ಚಿಕ್ಕವನಾಗುತ್ತಿದ್ದ,
ಮುಖ ಮಾತ್ರ ನನ್ನ ಕಡೆಗೇ’ ಅಂದಿದ್ದ ಒಮ್ಮೆ.
ನಾಟಕ ಬರೆಯುವುದೂ ಹಾಗೇ ಅಂದನೆ?
ಇಲ್ಲ. ಅದು ನಾನು ಸೇರಿಸಿದ್ದು.

ಇಪ್ಪತ್ತಕ್ಕೆ ಪ್ಯಾರಿಸಿಗೆ ಬಂದ, ಸಾಲದ ಕೋಟಿನಲ್ಲಿ.
ಮೊದಲ ಕೆಲಸ, ಅಟ್ಟದ ಮೇಲೆ ನಿಂತು ಪರದೆ ಎಳೆಯುವುದು.
ಮೊದಲ ದಿನವೇ ಕೂಗಿದ:
‘ಈ ಹಗ್ಗ ಸವೆದಿದೆ!’
ಕೆಳಗೆ ಎಲ್ಲ ನಿಂತುಬಿಟ್ಟಿತು.
ರಾಣಿ ವೇಷದವಳು ಶಿಲುಬೆಯ ಗುರುತು ಹಾಕಿಕೊಂಡಳು.
ಆ ಪದ ಇಲ್ಲಿ ಆಡಬಾರದು ಮಾರಾಯ,
ಎಳೆ ಅನ್ನು, ದಾರ ಅನ್ನು, ಏನಾದರೂ ಅನ್ನು.
ದಂಡವಾಗಿ ಇಡೀ ತಂಡಕ್ಕೆ ವೈನ್ ಕುಡಿಸಿದ,
ವಾರದ ಕೂಲಿ ಅಲ್ಲಿಗಾಯಿತು.
ಮಬ್ಬಿನಲ್ಲಿ ಅದು ಹಾವಿನಂತೆ ಕಾಣುವುದುಂಟು;
ನಮ್ಮಲ್ಲಿ ಅದರ ಹೆಸರೇ ಕಚ್ಚುತ್ತಿತ್ತು.

ಆಮೇಲೆ ಬರೆದ.
ಮೊದಲನೆಯದು ಮೂರು ರಾತ್ರಿ; ಕೊನೆಯ ರಾತ್ರಿ ಹತ್ತೊಂಬತ್ತು ಜನ,
ಅದರಲ್ಲಿಬ್ಬರು ಮಳೆಗೆ ಒಳಬಂದವರು.
ಎರಡನೆಯದಕ್ಕೆ ಶಿಳ್ಳೆ.
ಮೂರನೆಯದು, ಗಿಳಿಗೆ ಸತ್ತ ಗಂಡನ ಹೆಸರಿಟ್ಟ ವಿಧವೆಯ ಪ್ರಹಸನ,
ನಾನೂರು ರಾತ್ರಿ ಓಡಿತು, ಅವನಿಗೇ ನಾಚಿಕೆಯಾಗುವಷ್ಟು.
ದುಡ್ಡು ಬಂತು. ಹಲ್ಲು ಕಟ್ಟಿಸಿಕೊಂಡ.
ಲಿಯೋನಿನ ನಟಿ ಸಿಡೋನಿಯನ್ನು ಮದುವೆಯಾದ, ಬಿಟ್ಟ.
ಅಲ್ಲ, ಅವಳು ಬಿಟ್ಟಳು.
ತಂದೆಯ ಕಸುಬೇನೆಂದು ಕೇಳಿದ ಪತ್ರಿಕೆಯವನಿಗೆ
‘ಹಡಗಿನ ಸಾಮಾನು’ ಅಂದ, ರಂಗದ ಮೇಲೇ ನಿಂತು.
ನಾನು ಪೆಟ್ಟಿಗೆಯಲ್ಲಿದ್ದೆ. ಕೇಳಿಸಿಕೊಂಡೆ.

ಯುದ್ಧ ಬಂತು.
ಗಿಳಿಗೆ ದನಿ ಕೊಡುತ್ತಿದ್ದ ಹುಡುಗ ವೆರ್ದನ್‌ನಿಂದ ವಾಪಸಾಗಲಿಲ್ಲ.
ಏಳು ವರ್ಷ ಅನ್ಸೆಲ್ಮ್ ಒಂದು ಸಾಲೂ ಹೊಸೆಯಲಿಲ್ಲ.

ಕಡೆಯ ನಾಟಕದಲ್ಲಿ ಒಬ್ಬ ಮುದುಕ
ಇಡೀ ಅಂಕ ಹಿಂದಕ್ಕೆ ನಡೆಯುತ್ತಾನೆ.
ಕೊನೆಗೊಂದೇ ಮಾತು. ಆ ಪದ.
ನಟ ಬುಸ್ಕಾರ್ ತಾಲೀಮಿನಲ್ಲಿ ಅಲ್ಲಿಗೆ ಬಂದಾಗಲೆಲ್ಲ ಕೆಮ್ಮಿದ.
ನೂಲು ಅಂತ ತಿದ್ದು ಅಂದ ಮಾಲೀಕ.
ತಿದ್ದಲಿಲ್ಲ.

ಮೊದಲ ರಾತ್ರಿ. ಕೋಲಿನ ಮೂರು ಬಡಿತ. ಪರದೆ.
ಮುದುಕ ನಡೆದ, ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಬೆನ್ನು ಗೋಡೆಗೆ ತಾಗಿತು.
ಬಾಯಿ ತೆರೆದ. ಏನೂ ಇಲ್ಲ.
ನನ್ನ ಕಡೆ ನೋಡಿದ.
ಮುಳುಗುವವನಿಗೆ ಎಸೆಯುವುದು ನನ್ನ ಕೆಲಸ. ಎಸೆದೆ.
ಹಗ್ಗ.
ಪಿಸುಮಾತಿನಲ್ಲಲ್ಲ.
ಗ್ಯಾಲರಿಯ ಕೊನೆಯ ಬೆಂಚಿಗೂ ಕೇಳಿತಂತೆ
ನೆಲದಿಂದ ಎದ್ದ ಹೆಂಗಸಿನ ದನಿ.

ಶಿಳ್ಳೆಯೋ ಚಪ್ಪಾಳೆಯೋ, ಈಗ ನೆನಪಿಲ್ಲ.
ನನ್ನ ದಂಡದ ವೈನಿಗೆ ಅವನೇ ದುಡ್ಡು ಕೊಟ್ಟ,
ನಾಣ್ಯಗಳನ್ನು ಒಂದೊಂದಾಗಿ ನನ್ನ ಅಂಗೈಯಲ್ಲಿಟ್ಟು.

ಮಣ್ಣು ಮಾಡಿದ್ದು ಫೆಬ್ರವರಿಯಲ್ಲಿ.
ಪೆಟ್ಟಿಗೆ ಇಳಿಸುವಾಗ ಒಬ್ಬ ಕೂಲಿಯವನ ಕೈ ಜಾರಿತು.
‘ಹಗ್ಗ ಹಿಡಿಯೋ, ಹಗ್ಗ!’ ಕೂಗಿದ ಇನ್ನೊಬ್ಬ.
ಕರಿಕೋಟಿನ ನಟರೆಲ್ಲ ಒಟ್ಟಿಗೇ ಬೆಚ್ಚಿಬಿದ್ದರು.
ನನಗೆ ನಗು ತಡೆಯಲಾಗಲಿಲ್ಲ,
ಕೈಗವಸು ಕಚ್ಚಿಕೊಂಡೆ.